ಸಡಿಲವಾದ ಚೂಡಿದಾರ

ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಗಿನ ಮಾತು. ದಸರೆಗೆ ಹೊಲಿಸಿದ ಚೂಡಿದಾರ ಸಂಕ್ರಾಂತಿಯ ಹೊತ್ತಿಗೆ ಮೈಮೇಲೆ ಜೋತಾಡತೊಡಗಿತು. ಎರಡು ಸಲ ಟೈಲರ್ ಹತ್ತಿರ ಬಿಗಿ ಮಾಡಿಸಿ ತಂದೆ. ‘ಪರೀಕ್ಷೆ ಟೆನ್ಷನ್ ಕಣ್ರೀ’ ಎಂದರು ಪಕ್ಕದ ಮನೆಯವರು. ನಮ್ಮ ಅತ್ತೆಯವರು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.

ನನಗೆ ಬಂದ ಅನುಮಾನವೇ ಬೇರೆ. ತೆಳ್ಳಗಾಗುವ ಹುಚ್ಚಿಗೆ ಹುಡುಗಿ ಡಬ್ಬಿಯ ಊಟವನ್ನು ಯಾರಿಗೋ ಕೊಟ್ಟು ಬರುತ್ತಿದ್ದಾಳೆ ಎಂದುಕೊಂಡೆ. ಒಂದು ದಿನ ಜೋರಾಗಿ ಕೇಳಿಯೂ ಬಿಟ್ಟೆ. ಅವಳು ಅತ್ತಳು. ‘ಎಲ್ಲಾ ತಿಂತೀನಮ್ಮಾ, ಆದ್ರೂ ಹಸಿವಾಗುತ್ತೆ.’

ಅದು ನಿಜವಾಗಿತ್ತು. ಎರಡು ಚಪಾತಿ ತಿನ್ನುತ್ತಿದ್ದವಳು ಈಗ ನಾಲ್ಕು ತಿನ್ನುತ್ತಿದ್ದಳು. ರಾತ್ರಿ ಹತ್ತಕ್ಕೆ ಮತ್ತೆ ಅವಲಕ್ಕಿ ಡಬ್ಬಿ ಹುಡುಕುತ್ತಿದ್ದಳು. ಡಿಸೆಂಬರ್ ಚಳಿಯಲ್ಲೂ ಫ್ಯಾನ್ ಬೇಕು. ನಿದ್ದೆ ಸರಿಯಿಲ್ಲ, ಸಣ್ಣ ಮಾತಿಗೂ ಸಿಡಿಮಿಡಿ. ಇಷ್ಟೆಲ್ಲ ಕಣ್ಣೆದುರಿಗಿದ್ದರೂ ನಾನು ಒಂದಕ್ಕೊಂದು ಸೇರಿಸಿ ನೋಡಲಿಲ್ಲ.

ಕೊನೆಗೆ ಗಮನಿಸಿದ್ದು ಅವಳ ಕನ್ನಡ ಉಪನ್ಯಾಸಕಿ. ‘ಮುತ್ತಿನಂಥ ಅಕ್ಷರವಿತ್ತು, ಈಗ ನಡುಗುತ್ತಿದೆ. ಒಮ್ಮೆ ಡಾಕ್ಟರಿಗೆ ತೋರಿಸಿ’ ಎಂದು ಹೇಳಿ ಕಳಿಸಿದರು.

ಸೆಪ್ಟೆಂಬರಿನಲ್ಲಿ 49 ಕಿಲೋ ಇದ್ದವಳು 42ಕ್ಕೆ ಇಳಿದಿದ್ದಳು. ಸುಮ್ಮನೆ ಕುಳಿತಿದ್ದರೂ ನಾಡಿ ನಿಮಿಷಕ್ಕೆ 124. ಡಾಕ್ಟರು ಕೈ ಚಾಚಿಸಿ ಬೆರಳುಗಳ ಮೇಲೊಂದು ಹಾಳೆ ಇಟ್ಟರು. ಅದು ಅರಳಿ ಎಲೆಯಂತೆ ಅದುರಿತು. ರಕ್ತಪರೀಕ್ಷೆಯಲ್ಲಿ ಟಿ3, ಟಿ4 ಹೆಚ್ಚಾಗಿದ್ದವು, ಟಿಎಸ್‌ಎಚ್ ತೀರಾ ಕಡಿಮೆಯಿತ್ತು.

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಾಕಾರದ ಥೈರಾಯಿಡ್ ಗ್ರಂಥಿಯಿದೆ. ಅದು ಅತಿಯಾಗಿ ದುಡಿದರೆ ತಿಂದದ್ದನ್ನೆಲ್ಲ ದೇಹ ಬೇಗ ಉರಿಸಿಬಿಡುತ್ತದೆ. ಹಸಿವು ಏರಿದರೂ ತೂಕ ಇಳಿಯುವುದು ಇದರಿಂದಲೇ. ಮಗಳಿಗಿದ್ದದ್ದು ಗ್ರೇವ್ಸ್ ಕಾಯಿಲೆ. 1835ರಲ್ಲಿ ಇದನ್ನು ವಿವರಿಸಿದ ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ ಅವರ ಹೆಸರೇ ಅದಕ್ಕೆ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಗ್ರಂಥಿಯನ್ನು ಕೆರಳಿಸುತ್ತದೆ.

ಕಾರ್ಬಿಮಜೋಲ್ ಮಾತ್ರೆ ಶುರುವಾಯಿತು. ‘ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ, ಬಿಳಿ ರಕ್ತಕಣ ಪರೀಕ್ಷಿಸಬೇಕು’ ಎಂದು ಡಾಕ್ಟರು ಎಚ್ಚರಿಸಿದರು. ಮಾರ್ಚಿನ ಪರೀಕ್ಷೆಯ ಹೊತ್ತಿಗೆ ಕೈನಡುಕ ತಗ್ಗಿತ್ತು. ಅಂಕಗಳು ಸಾಧಾರಣ. ಅದರ ಬಗ್ಗೆ ಮನೆಯಲ್ಲಿ ಯಾರೂ ಸೊಲ್ಲೆತ್ತಲಿಲ್ಲ. ಒಟ್ಟು ಎರಡು ವರ್ಷ ಚಿಕಿತ್ಸೆ ನಡೆಯಿತು.

ಮಕ್ಕಳು ಚೆನ್ನಾಗಿ ತಿಂದೂ ಇಳಿಯುತ್ತಿದ್ದರೆ ಅದನ್ನು ವಯಸ್ಸಿನ ಮೇಲೋ ಪರೀಕ್ಷೆಯ ಮೇಲೋ ಹಾಕಿ ಸುಮ್ಮನಿರಬೇಡಿ. ಬಾಯಾರಿಕೆ, ಪದೇಪದೇ ಮೂತ್ರವೂ ಇದ್ದರೆ ಸಕ್ಕರೆ ಕಾಯಿಲೆಯಿರಬಹುದು, ತಡಮಾಡಬೇಡಿ. ವಿದ್ಯಾರ್ಥಿಗಳೇ, ಎದೆ ಡವಗುಟ್ಟಿದರೆ, ಕೈ ನಡುಗಿದರೆ, ಮುಟ್ಟು ಏರುಪೇರಾದರೆ ಮುಚ್ಚಿಡದೆ ಮನೆಯಲ್ಲಿ ಹೇಳಿ.

ಮೊನ್ನೆ ಬೀರು ತೆಗೆದಾಗ ಆ ಚೂಡಿದಾರ ಸಿಕ್ಕಿತು. ಅವತ್ತು ಗದರಿಸಿದ್ದಕ್ಕೆ ಮಗಳ ಹತ್ತಿರ ಇನ್ನೊಮ್ಮೆ ತಪ್ಪೊಪ್ಪಿಕೊಂಡೆ. ‘ಬಿಡಮ್ಮಾ, ನಂಗೂ ಗೊತ್ತಿರಲಿಲ್ಲ’ ಎಂದು ನಕ್ಕಳು.