ಕೞ್ತೆ ಎಲ್ಲಿ ಹೋಯಿತು? ಒಂದು ಪದಸೂಚಿಯ ಪಾಠ

ಹಳಗನ್ನಡದ ಓಲೆಗರಿ ಕೃತಿಯೊಂದರ ಪದಸೂಚಿಯನ್ನು ಸಿದ್ಧಪಡಿಸುತ್ತಿದ್ದಾಗ ನನಗೊಂದು ‘ನಿಯಮ’ ಹೊಳೆಯಿತು. ಸೂಚಿಯಲ್ಲಿ ಏೞ್, ಬಾೞ್, ಕೀೞ್, ಕೊೞಲ್ ಎಂಬ ರೂಪಗಳಿದ್ದುವು. ಕೞ್ತೆ, ಮೞೆ, ಬೞಿ, ಪೞಿ ಎಂಬವು ಇರಬೇಕಾದ ಎಡೆಯಲ್ಲಿ ಒಂದೂ ಇರಲಿಲ್ಲ. ಪದದ ಮೊದಲ ವ್ಯಂಜನವು ಹ್ರಸ್ವ ಅಕಾರದಿಂದ ಕೂಡಿದ್ದರೆ ಅದರ ಮುಂದಿನ ೞಕಾರವು ಈ ಕವಿಯ ಭಾಷೆಯಲ್ಲಿ ಆಗಲೇ ಅಳಿದಿತ್ತು ಎಂದು ನಾನು ತರ್ಕಿಸಿದೆ. ರೞ, ಕುಳ, ಕ್ಷಳಗಳ ಭೇದವನ್ನು 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ್ದಾನೆ. ಮುಂದೆ ೞಕಾರವು ಳಕಾರದಲ್ಲಿಯೂ ರೇಫದಲ್ಲಿಯೂ ಲೀನವಾದುದು ಕಾಲನಿರ್ಣಯಕ್ಕೆ ಒದಗುವ ಸಾಕ್ಷ್ಯಗಳಲ್ಲೊಂದು. ಹಾಗಾಗಿ ನನ್ನ ನಿಯಮದ ಮೇಲೆ ಕೃತಿಯ ಕಾಲವನ್ನೇ ಕೆಳಕ್ಕೆ ಇಳಿಸುವ ಲೇಖನವೊಂದನ್ನು ಬರೆದು ಮುಗಿಸಿದೆ.

ಆ ನಿಯಮ ಕವಿಯದಾಗಿರಲಿಲ್ಲ; ನನ್ನ ಗಣಕಯಂತ್ರದ್ದು. ಅದು ಹೇಗೆ ಹುಟ್ಟಿತೆಂಬುದನ್ನು ಇಂಥ ಕೆಲಸಕ್ಕೆ ತೊಡಗುವ ವಿದ್ಯಾರ್ಥಿಗಳಿಗಾಗಿ ಇಲ್ಲಿ ಹೇಳಬೇಕೆನಿಸಿದೆ.

ಪದಗಳನ್ನು ಇರಿಸಲು ನಾನು ಆರಿಸಿಕೊಂಡ ದತ್ತಾಂಶ ತಂತ್ರಾಂಶ ಪೋಸ್ಟ್‌ಗ್ರೆಸ್‌ಕ್ಯೂಎಲ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ 1986ರಲ್ಲಿ ಆರಂಭವಾದ ಯೋಜನೆ ಅದರ ಮೂಲ. ಈಗಿನ ಹೆಸರು ಬಂದುದು 1996ರಲ್ಲಿ. ಅದನ್ನು ನಡೆಸಿದ್ದು ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ. 1995ರಲ್ಲಿ ನೆಟ್‌ಬಿಎಸ್‌ಡಿಯಿಂದ ಕವಲೊಡೆದ ಇದರ ವಂಶದ ಬೇರೂ ಬರ್ಕ್ಲಿಯದೇ. ಬಳಸುವವರು ಕಡಮೆ. ಆದರೆ ಇದರ ಕೈಪಿಡಿಯ ಪುಟಗಳು ಒಳ್ಳೆಯ ವ್ಯಾಕರಣ ಗ್ರಂಥದಂತೆ ಅಚ್ಚುಕಟ್ಟು. ಹಳೆಯ ಯಂತ್ರದಲ್ಲಿಯೂ ಹಗುರವಾಗಿ ನಡೆಯುತ್ತದೆಂದು ವಿದ್ಯಾರ್ಥಿಯೊಬ್ಬರು ಅದನ್ನು ಅಳವಡಿಸಿಕೊಟ್ಟಿದ್ದರು.

ತಂತ್ರಾಂಶದ ಮೂಲಪಾಠವನ್ನು ತಂದು ನಾನೇ ಕಂಪೈಲ್ ಮಾಡಲು ಕುಳಿತೆ. ಮೊದಲ ತೊಡಕು ಚಿಕ್ಕದು: ಈ ವ್ಯವಸ್ಥೆಯ ಸ್ವಂತ ‘ಮೇಕ್’ ಪೋಸ್ಟ್‌ಗ್ರೆಸ್‌ಗೆ ಒಗ್ಗುವುದಿಲ್ಲ, ಗ್ನೂ ಮೇಕನ್ನು ತಂದು ‘ಜಿಮೇಕ್’ ಎಂದು ಕರೆಯಬೇಕು. ಎರಡನೆಯದು ಚಿಕ್ಕದೆಂದು ತೋರಿತು. ಪೋಸ್ಟ್‌ಗ್ರೆಸ್‌ನ 16ನೆಯ ಆವೃತ್ತಿಯಿಂದ (2023) ಐಸಿಯು ಎಂಬ ಭಾಷಾ ಸಂಬಂಧಿ ಲೈಬ್ರರಿಯನ್ನು ಬೇಡವೆಂದು ಹೇಳದ ಹೊರತು ಅದು ಕೇಳಿಯೇ ಕೇಳುತ್ತದೆ. ನನ್ನ ಯಂತ್ರದಲ್ಲಿ ಅದಿರಲಿಲ್ಲ. ‘ಐಸಿಯು ಸಿಗಲಿಲ್ಲ, ಅದಿಲ್ಲದೆ ಕಟ್ಟುವುದಾದರೆ ಹಾಗೆಂದು ಸೂಚಿಸಿ’ ಎಂಬರ್ಥದ ಸಂದೇಶ ಬಂದಿತು. ನಾನು ಹಾಗೆಯೇ ಸೂಚಿಸಿದೆ. ತಪ್ಪಿನ ಬೀಜ ಬಿದ್ದುದು ಅಲ್ಲಿ.

ಅನಂತರ ದತ್ತಾಂಶಕೋಶಕ್ಕೆ ಕನ್ನಡದ ಅನುಕ್ರಮ ಬೇಕೆಂದು ಕೇಳಿದಾಗ ಯಾವ ದೋಷವೂ ವರದಿಯಾಗಲಿಲ್ಲ. ಓಪನ್‌ಬಿಎಸ್‌ಡಿಯು ಆ ಹೆಸರನ್ನು ಸ್ವೀಕರಿಸುತ್ತದೆ, ಅನುಸರಿಸುವುದಿಲ್ಲ. ಅನುಕ್ರಮದ ಆಯ್ಕೆಗೆ ಪರಿಣಾಮವಿಲ್ಲವೆಂದು ಅದರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಕೈಪಿಡಿಯನ್ನು ಹೊಗಳಿದ ನಾನು ಆ ಪುಟವನ್ನು ಓದಿರಲಿಲ್ಲ. ಪದಗಳು ಯೂನಿಕೋಡ್ ಸಂಖ್ಯೆಗಳ ಕ್ರಮದಲ್ಲಿ ನಿಂತುವು. ಭಾರತೀಯ ಲಿಪಿಗಳಿಗೆಲ್ಲ ಸಮಾನ ಚೌಕಟ್ಟೊಂದನ್ನು ಹಾಕಿದ ಇಸ್ಕಿ ಸಂಕೇತವ್ಯವಸ್ಥೆಯಿಂದ ಬಂದ ಆ ಕ್ರಮದಲ್ಲಿ ಳಕಾರವು ವರ್ಣಮಾಲೆಯ ಕೊನೆಯಲ್ಲಿಲ್ಲ, ಲಕಾರದ ಪಕ್ಕದಲ್ಲಿದೆ. ನನ್ನ ಸೂಚಿಯಲ್ಲಿ ‘ಕಳಸ’ವು ‘ಕವಿ’ಗಿಂತ ಮೊದಲು ಬಂದುದನ್ನು ನಾನು ಕಂಡಿದ್ದೆ, ಅಚ್ಚಿಗೆ ಮುನ್ನ ಸರಿಪಡಿಸಿದರಾಯಿತೆಂದು ಸುಮ್ಮನಾಗಿದ್ದೆ.

ೞಕಾರದ ಪಾಡು ಇನ್ನೂ ವಿಚಿತ್ರ. ಅದರ ಸಂಖ್ಯೆ ವ್ಯಂಜನಗಳ ಸಾಲಿನಲ್ಲಿಲ್ಲ. ಕಾಗುಣಿತದ ಚಿಹ್ನೆಗಳನ್ನೂ ವಿರಾಮವನ್ನೂ ದಾಟಿ ಆಚೆ ಇದೆ. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಕೊಟ್ಟ ಹೆಸರನ್ನು ಬದಲಿಸಬಾರದೆಂಬ ಕಟ್ಟಳೆ ಇರುವುದರಿಂದ ತಿದ್ದಿದ ಹೆಸರು ಪರ್ಯಾಯವಾಗಿ ಮಾತ್ರ ಸೇರಿದೆ. ‘ಕೀೞ್’ನಲ್ಲಿ ೞಕಾರದ ಹಿಂದೆ ಈಕಾರದ ಚಿಹ್ನೆಯಿರುವುದರಿಂದ ಪದವು ಕೀ ಗುಂಪಿನ ಕೊನೆಯಲ್ಲಿ ಸರಿಯಾಗಿಯೇ ನಿಲ್ಲುತ್ತದೆ. ಆದರೆ ಅಕಾರಕ್ಕೆ ಚಿಹ್ನೆಯಿಲ್ಲ. ‘ಕೞ್ತೆ’ಯಲ್ಲಿ ಕಕಾರದ ಬೆನ್ನಿಗೇ ೞಕಾರದ ಸಂಖ್ಯೆ ಬರುತ್ತದೆ; ಆದ್ದರಿಂದ ಆ ಪದವು ಕಾ, ಕಿ, ಕೌಗಳನ್ನೆಲ್ಲ ದಾಟಿ ಕ್ಷಕಾರದ ಪದಗಳ ಆಚೆ ಹೋಗಿ ಬೀಳುತ್ತದೆ. ನಾನು ಕಂಡ ‘ಹ್ರಸ್ವ ಅಕಾರದ ನಿಯಮ’ ಇಷ್ಟೇ.

ಇದನ್ನು ನಾನಾಗಿ ಕಂಡುಕೊಳ್ಳಲಿಲ್ಲ. ಕರಡು ತಿದ್ದುತ್ತಿದ್ದ ವಿದ್ಯಾರ್ಥಿನಿ ಒಂದು ಸಂಜೆ ಕೇಳಿದಳು: “ಸರ್, ಕೞ್ತೆ ಇಲ್ಲವೇ ಇಲ್ಲ ಎಂದು ಬರೆದಿದ್ದೀರಿ. ಕ್ಷಮೆ ಆದ ಮೇಲೆ ಕೂತಿದೆಯಲ್ಲ?” ಹಾಳೆ ತಿರುವಿ ನೋಡಿದೆ. ಬ್ರಹ್ಮದ ಆಚೆ ಬೞಿ, ಮ್ಲೇಚ್ಛದ ಆಚೆ ಮೞೆ. ಪಾಠವನ್ನು ಬೆರಳಚ್ಚು ಮಾಡಿದವರು ವಿದ್ಯಾರ್ಥಿಗಳು. ನಾನು ಓದಿದ್ದು ಸೂಚಿಯನ್ನು ಮಾತ್ರ. ಮೂಲದಲ್ಲಿ ಒಮ್ಮೆ ಹುಡುಕಿದ್ದರೆ ಸಾಕಿತ್ತು. ಅಂಚೆಗೆ ಹಾಕಲು ಸಿದ್ಧವಾಗಿದ್ದ ಲೇಖನವನ್ನು ಎತ್ತಿ ಇಟ್ಟೆ.

ಮತ್ತೆ ಕಂಪೈಲ್ ಮಾಡಿದೆ, ಈ ಬಾರಿ ಐಸಿಯುವನ್ನು ಮೊದಲು ತಂದಿರಿಸಿಕೊಂಡು. ಹಳೆಯ ಸರ್ವರ್ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಹೊಸದನ್ನು ಆರಂಭಿಸಲು ಹೋದಾಗ ‘ಸಾಧನದಲ್ಲಿ ಸ್ಥಳವಿಲ್ಲ’ ಎಂಬ ದೋಷ ಬಂದಿತು. ಡಿಸ್ಕ್ ಅರ್ಧಕ್ಕೂ ಹೆಚ್ಚು ಖಾಲಿಯಿತ್ತು. ಈ ಬಾರಿ ಅವಸರಪಡದೆ ಕೆಳಗಿನ ಸಾಲನ್ನೂ ಓದಿದೆ: ಡಿಸ್ಕ್ ತುಂಬಿದೆಯೆಂದು ಇದರ ಅರ್ಥವಲ್ಲ ಎಂದು ಪೋಸ್ಟ್‌ಗ್ರೆಸ್ ತಾನೇ ಎಚ್ಚರಿಸಿತ್ತು. ಪ್ರಕ್ರಿಯೆಗಳನ್ನು ಹೊಂದಿಸುವ ಸೆಮಫೋರ್‌ಗಳು ನನ್ನ ಯಂತ್ರದಲ್ಲಿ ಒಟ್ಟು 60 ಮಾತ್ರ. ಮೊದಲ ಸರ್ವರ್ ಬಹುಪಾಲನ್ನು ಹಿಡಿದುಕೊಂಡಿತ್ತು. ಕರ್ನೆಲ್‌ನ ಆ ಮಿತಿಯನ್ನು ಏರಿಸಿದೊಡನೆ ಹೊಸದು ಎದ್ದಿತು. 16ನೆಯ ಆವೃತ್ತಿಯಿಂದ ಅನುಕ್ರಮಕ್ಕೆ ನಮ್ಮದೇ ನಿಯಮವನ್ನು ಬರೆದುಕೊಡಲು ಸಾಧ್ಯ. ‘ಹ < ಳ < ೞ’ ಎಂದು ಬರೆದುಕೊಟ್ಟೆ. ಕೞ್ತೆ ಕಕಾರದ ಗುಂಪಿಗೆ, ಕಾಕಾರದ ಹಿಂದಕ್ಕೆ ಮರಳಿತು.

ಸೂಚಿಯನ್ನು ಮುಂದಿಟ್ಟುಕೊಂಡು ‘ಈ ಕೃತಿಯಲ್ಲಿ ಈ ರೂಪವಿಲ್ಲ’ ಎಂದು ಬರೆಯುವುದು ನಮ್ಮಲ್ಲಿ ಸಾಮಾನ್ಯ. ಲಿಪಿಕಾರನ ಪ್ರಮಾದಗಳನ್ನು ಗುರುತಿಸಲು ನಾವು ಕಲಿತಿದ್ದೇವೆ. ಯಂತ್ರವೂ ಒಬ್ಬ ಲಿಪಿಕಾರನೇ ಎಂಬುದನ್ನು ನಾನು ಮರೆತಿದ್ದೆ. ಇಂದು ಯಾವ ಗಣಕ ಸೂಚಿ ಕೈಗೆ ಬಂದರೂ ಮೊದಲು ಎರಡು ಕಡೆ ನೋಡುತ್ತೇನೆ: ಕಳಸವು ಕವಿಯ ಹಿಂದೆಯೋ ಮುಂದೆಯೋ, ಕ್ಷಕಾರದ ಆಚೆ ಯಾರಾದರೂ ಕುಳಿತಿದ್ದಾರೆಯೋ ಎಂದು.