ರೀಜೆನ್ಸಿಯ ಪ್ರಣಯ ಕಾದಂಬರಿಗಳು ಮತ್ತು ತಿರ್ಲಾಪುರದ ಉತಾರ

ಜನಪ್ರಿಯ ಪ್ರಣಯ ಕಾದಂಬರಿಗಳ ಬಗೆಗೆ ಕನ್ನಡ ವಿಭಾಗಗಳಲ್ಲಿ ಒಂದು ಬಗೆಯ ಸಂಕೋಚ ಮೊದಲಿನಿಂದಲೂ ಇದೆ. ವಿದ್ಯಾರ್ಥಿಗಳು ಅವನ್ನು ಓದುತ್ತಾರೆ, ಅಧ್ಯಾಪಕರೂ ಒಂದು ಕಾಲಕ್ಕೆ ಓದಿರುತ್ತಾರೆ. ಆದರೆ ಪ್ರಬಂಧದ ವಿಷಯವಾಗಿ ಅವು ಮೇಜಿನ ಮೇಲೆ ಬಂದಾಗ ಎಲ್ಲರೂ ಗಂಟಲು ಸರಿಪಡಿಸಿಕೊಳ್ಳುತ್ತಾರೆ. ಧಾರವಾಡದಲ್ಲಿ ನೆಲೆಸಿರುವ ಒಬ್ಬ ಕನ್ನಡ ಅಧ್ಯಾಪಕಿಯ ಮುಂದೆ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಇಂಥದೇ ಒಂದು ವಿಷಯವನ್ನು ತಂದಿಟ್ಟಳು. ಜೇನ್ ಆಸ್ಟಿನ್ನಳ ಕಾಲದ ಇಂಗ್ಲೆಂಡನ್ನು ಹಿನ್ನೆಲೆಯಾಗಿ ಮಾಡಿಕೊಂಡು ಇಂದು ಬರುತ್ತಿರುವ ಪ್ರಣಯ ಕಾದಂಬರಿಗಳಿಗೂ ಕನ್ನಡ ಲೇಖಕಿಯರ ಕಾದಂಬರಿಗಳಿಗೂ ಏನಾದರೂ ಸಂಬಂಧವಿದೆಯೇ ಎಂಬುದು ಅವಳ ಪ್ರಶ್ನೆ. ಬೇಡ ಎನ್ನುವುದು ಸುಲಭವಿತ್ತು. ಅಧ್ಯಾಪಕಿ ಬೇಡ ಎನ್ನಲಿಲ್ಲ. ಅದಕ್ಕೆ ಕಾರಣ ಸಾಹಿತ್ಯಕವಾದದ್ದಲ್ಲ; ಅದೇ ವಾರ ಊರಿನಿಂದ ಬಂದಿದ್ದ ಒಂದು ಕಾಗದ.

ಆಕೆಯ ಊರು ನವಲಗುಂದ ತಾಲ್ಲೂಕಿನ ತಿರ್ಲಾಪುರ. ಎರೆನೆಲದ ಸೀಮೆ. ಮಳೆ ಬಂದರೆ ಕಾಲು ಕೀಳಲು ಬಾರದಷ್ಟು ಜಿಗುಟು, ಬೇಸಗೆಯಲ್ಲಿ ಅಂಗೈ ಹಿಡಿಸುವಷ್ಟು ಅಗಲದ ಬಿರುಕು. ತಂದೆ ತೀರಿಕೊಂಡ ಮೇಲೆ 16 ಎಕರೆ ಹೊಲದ ಉತಾರದಲ್ಲಿ ಮಕ್ಕಳೆಲ್ಲರ ಹೆಸರೂ ದಾಖಲಾಗಿದ್ದವು. ಅಣ್ಣನೊಬ್ಬ, ಹೆಣ್ಣುಮಕ್ಕಳು ಮೂವರು. ಅಕ್ಕಂದಿರಿಬ್ಬರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಯಾಗಿತ್ತು. ಈಕೆಯದೊಂದು ಉಳಿದಿತ್ತು. ಕಾಗದದ ಕರಡಿನ ಜೊತೆಗೆ ಪಂಚಮಿಗೆ ಬರಬೇಕೆಂಬ ಕರೆಯೂ ಬಂದಿತ್ತು.

ಅಣ್ಣ ಕೆಟ್ಟವನಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ತಂದೆ ಹಾಸಿಗೆ ಹಿಡಿದ ಮೂರು ವರ್ಷ ಅವರನ್ನು ಎತ್ತಿ ಇಳಿಸಿದವನು ಅವನು. ಪ್ರತಿವರ್ಷ ಮೂವರು ತಂಗಿಯರ ಮನೆಗೂ ಒಂದೊಂದು ಚೀಲ ಕಡಲೆ ತಪ್ಪದೆ ತಲುಪುತ್ತಿತ್ತು. ಅವನ ಮಾತೂ ನೇರವಾದುದೇ. “ತಂಗಿ, ನೀ ಏನ್ ಹೊಲಾ ಹರಗಾಕ ಬರ್ತಿ? ಒಂದ್ ಸಹಿ ಮಾಡಿಬಿಟ್ಟಿ ಅಂದ್ರ ಬ್ಯಾಂಕಿನ ಕೆಲಸ ಹಗುರಾಗತೈತಿ” ಎಂದು ಫೋನಿನಲ್ಲಿ ಹೇಳಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ವಿದ್ಯಾರ್ಥಿನಿ ಕೊಟ್ಟ ಕಾದಂಬರಿಗಳನ್ನು ಆಕೆ ಈ ಮನಃಸ್ಥಿತಿಯಲ್ಲಿ ಓದತೊಡಗಿದಳು. ರೀಜೆನ್ಸಿ ಎಂದರೆ 1811ರಿಂದ 1820ರವರೆಗಿನ ಅವಧಿ. ದೊರೆ ಮೂರನೆಯ ಜಾರ್ಜ್ ಬುದ್ಧಿಭ್ರಮಣೆಗೊಳಗಾಗಿ ಅವನ ಮಗ ಪ್ರತಿನಿಧಿಯಾಗಿ ರಾಜ್ಯವಾಳಿದ ಒಂಬತ್ತು ವರ್ಷ. ಆಸ್ಟಿನ್ನಳ ಕಾದಂಬರಿಗಳು ಅಚ್ಚಾದದ್ದು ಈ ಅವಧಿಯಲ್ಲಿಯೇ. ಆಕೆ ಸತ್ತದ್ದು 1817ರ ಜುಲೈನಲ್ಲಿ. ಥಾಮಸ್ ಮನ್ರೋ ಪೇಶ್ವೆಯ ಆಡಳಿತದಲ್ಲಿದ್ದ ಧಾರವಾಡ ಸೀಮೆಯನ್ನು ಕಂಪನಿಯ ವಶಕ್ಕೆ ತೆಗೆದುಕೊಂಡದ್ದು 1817-18ರಲ್ಲಿ. ತಿರ್ಲಾಪುರದ ಎರೆಹೊಲಗಳ ಇತಿಹಾಸವೂ ಹೀಗೆ ಒಂದು ತುದಿಯಲ್ಲಿ ರೀಜೆನ್ಸಿಗೆ ತಗುಲಿಕೊಂಡಿದೆ. ಆದರೆ ಆ ಕಾಲವನ್ನು ಕುರಿತು ಇಂದು ಬರೆಯುವ ಪ್ರಣಯ ಕಾದಂಬರಿಕಾರರಿಗೆ ಕಂಪನಿಯೂ ಬೇಕಿಲ್ಲ, ಹೊಲವೂ ಬೇಕಿಲ್ಲ. ಅವರಿಗೆ ಬೇಕಾದದ್ದು ನರ್ತನಶಾಲೆ, ಬೀಸಣಿಗೆ, ಸಾರೋಟು ಮತ್ತು ಒಬ್ಬ ಡ್ಯೂಕ್.

ಈ ಪ್ರಕಾರವನ್ನು ಸ್ಥಾಪಿಸಿದವಳು ಜಾರ್ಜೆಟ್ ಹೇಯರ್ (1902-1974) ಎಂಬುದು ಒಪ್ಪಿತವಾದ ಸಂಗತಿ. 1935ರಲ್ಲಿ ಬಂದ ಅವಳ ‘ರೀಜೆನ್ಸಿ ಬಕ್’ ಮುಂದಿನ ನೂರಾರು ಕಾದಂಬರಿಗಳಿಗೆ ಅಚ್ಚು ಒದಗಿಸಿತು. ಹೇಯರ್ ಉಡುಪಿನ ಗುಂಡಿಯವರೆಗೆ ಅಧ್ಯಯನ ಮಾಡಿ ಬರೆದವಳು. ವಾಟರ್ಲೂ ಕದನವನ್ನು ಒಳಗೊಂಡ ಒಂದು ಕಾದಂಬರಿಯನ್ನೂ ಬರೆದಿದ್ದಾಳೆ. ಅಧ್ಯಾಪಕಿಗೆ ಅವಳು ಇಷ್ಟವಾದಳು. ಅವಳಲ್ಲಿ ಹಾಸ್ಯವಿದೆ, ಮೇಲಾಗಿ ಹಣದ ಮಾತನ್ನು ಅವಳು ಪೂರ್ತಿಯಾಗಿ ಬಿಟ್ಟುಕೊಟ್ಟಿಲ್ಲ. ಇಪ್ಪತ್ತೊಂದನೆಯ ಶತಮಾನಕ್ಕೆ ಬರುವ ಹೊತ್ತಿಗೆ ಚಿತ್ರ ಬದಲಾಗುತ್ತದೆ. ಜೂಲಿಯಾ ಕ್ವಿನ್ 2000ದಲ್ಲಿ ಆರಂಭಿಸಿದ ಬ್ರಿಜರ್ಟನ್ ಮಾಲೆಯಲ್ಲಿ ಎಂಟು ಮಂದಿ ಒಡಹುಟ್ಟಿದವರು, ಒಬ್ಬೊಬ್ಬರಿಗೆ ಒಂದೊಂದರಂತೆ ಎಂಟು ಕಾದಂಬರಿಗಳು. 2020ರ ಡಿಸೆಂಬರಿನಲ್ಲಿ ಇದು ಕಿರುತೆರೆಗೆ ಬಂದ ಮೇಲೆ ಅದರ ಹೆಸರು ಹಳ್ಳಿಯ ಮೊಬೈಲುಗಳವರೆಗೆ ಮುಟ್ಟಿದೆ. ಎಂಟು ಮಕ್ಕಳಿರುವ ಮನೆ ಎಂದೊಡನೆ ತಿರ್ಲಾಪುರದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ವಾಟ್ನಿ ಹೇಗಾಯಿತು ಎಂಬುದು. ಈ ಕಾದಂಬರಿಗಳ ಪ್ರೇಮಿಗಳನ್ನು ಆ ಪ್ರಶ್ನೆ ಕಾಡುವುದು ಕಡಿಮೆ. ಅಲ್ಲಿ ಆಸ್ತಿ ಎಂಬುದು ನಾಯಕನ ಕೋಟಿನ ಬಣ್ಣದಂತೆ ಅವನ ಅಂದದ ಒಂದು ಭಾಗ ಮಾತ್ರ.

ಆಸ್ಟಿನ್ನಳ ಆರೂ ಕಾದಂಬರಿಗಳನ್ನು ಶೋಧಿಸಿದರೂ ಡ್ಯೂಕನಾದ ನಾಯಕ ಒಬ್ಬನೂ ಸಿಗುವುದಿಲ್ಲ. ಪಾದ್ರಿಗಳು, ಜಮೀನುದಾರರು, ನೌಕಾದಳದ ಕಪ್ತಾನನೊಬ್ಬ, ಇಷ್ಟೇ. ಬದಲಿಗೆ ಅಲ್ಲಿ ಅಂಕಿಗಳಿವೆ. ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಕಾದಂಬರಿಯ ಡಾರ್ಸಿಗೆ ವರ್ಷಕ್ಕೆ 10,000 ಪೌಂಡ್ ವರಮಾನ. ಬೆನೆಟ್ ಮನೆತನದ ಎಸ್ಟೇಟಿಗೆ 2,000. ಆ ಎಸ್ಟೇಟೂ ಗಂಡು ವಾರಸುದಾರನಿಗೇ ಹೋಗಬೇಕೆಂಬ ಕಟ್ಟಿಗೆ ಒಳಪಟ್ಟದ್ದು. ಐವರು ಹೆಣ್ಣುಮಕ್ಕಳು ಅಪ್ಪ ಕಣ್ಣು ಮುಚ್ಚಿದ ದಿನವೇ ದೂರದ ದಾಯಾದಿಗೆ ಮನೆ ಬಿಟ್ಟುಕೊಡಬೇಕು. ಆ ದಾಯಾದಿಯಾದ ಕಾಲಿನ್ಸ್ ಎಲಿಜಬೆತ್ತಳನ್ನು ಮದುವೆಯಾಗಲು ಕೇಳುವಾಗ ತಾಯಿಯ ನಂತರ ಅವಳಿಗೆ ಬರಬಹುದಾದ 1,000 ಪೌಂಡು ಮತ್ತು ಅದರ ಶೇಕಡಾ 4ರ ಬಡ್ಡಿಯನ್ನೂ ಲೆಕ್ಕ ಹಾಕಿ ಹೇಳುತ್ತಾನೆ. ಓದುಗರು ನಗುತ್ತಾರೆ. ಅವಳ ಗೆಳತಿ ಷಾರ್ಲಟ್ ನಗಲಾರಳು. ಇಪ್ಪತ್ತೇಳು ವರ್ಷದ ಅವಳು ಅವನನ್ನೇ ಮದುವೆಯಾಗುತ್ತಾಳೆ. ಪ್ರಣಯವನ್ನು ಬರೆಯುತ್ತಿರುವಂತೆ ತೋರುವ ಆಸ್ಟಿನ್ ವಾಸ್ತವವಾಗಿ ಉತಾರವನ್ನು ಓದುತ್ತಿದ್ದಾಳೆ ಎಂದು ಅಧ್ಯಾಪಕಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಆನಂತರ ಅದನ್ನು ಹೊಡೆದುಹಾಕಿದಳು, ತೀರ ಚಮತ್ಕಾರವಾಯಿತೆಂದು.

ಆಸ್ಟಿನ್ನಳನ್ನು ಇಂದಿಗೆ ತಂದು ಬರೆದವರಲ್ಲಿ ಎಲ್ಲರೂ ಈ ಲೆಕ್ಕವನ್ನು ಮರೆತವರಲ್ಲ. ಮೈಸೂರನ್ನು ಕುರಿತು ತಮ್ಮ ಮೊದಲ ಕಾದಂಬರಿ ಬರೆದ ಮಹೇಶ್ ರಾವ್ ಅವರು ‘ಎಮ್ಮ’ವನ್ನು ದೆಹಲಿಯ ಶ್ರೀಮಂತ ವಲಯಕ್ಕೆ ಒಯ್ದು 2018ರಲ್ಲಿ ‘ಪೊಲೈಟ್ ಸೊಸೈಟಿ’ ಬರೆದರು. ಅಲ್ಲಿ ಹಣದ ವಾಸನೆ ಪುಟಪುಟದಲ್ಲಿದೆ. ತಮಿಳಿನ ‘ಕಂಡುಕೊಂಡೇನ್ ಕಂಡುಕೊಂಡೇನ್’ (2000) ಚಿತ್ರದಲ್ಲಿ ಅಜ್ಜನ ಉಯಿಲಿನಿಂದಾಗಿ ಮನೆ ಕಳೆದುಕೊಂಡು ತಾಯಿ-ಮಕ್ಕಳು ಮದರಾಸಿಗೆ ಬರುತ್ತಾರೆ. ಹಾಡುಗಳ ನಡುವೆಯೂ ಆ ನಿರ್ಗಮನ ಮನಸ್ಸಿನಲ್ಲಿ ಉಳಿಯುತ್ತದೆ.

ಆದರೆ ಕನ್ನಡದಲ್ಲಿ ಈ ಲೆಕ್ಕವನ್ನು ಹಿಡಿದವರು ಆಸ್ಟಿನ್ನಳ ಅನುಕರಣೆಗೆ ಹೊರಟವರಲ್ಲ. ತ್ರಿವೇಣಿಯವರ (1928-1963) ‘ಬೆಳ್ಳಿಮೋಡ’ವನ್ನು ಸಾಮಾನ್ಯವಾಗಿ ಮನೋವೈಜ್ಞಾನಿಕ ಕಾದಂಬರಿಗಳ ಸಾಲಿನಲ್ಲಿ ಇಟ್ಟು ಚರ್ಚಿಸುವ ರೂಢಿಯಿದೆ. 1967ರಲ್ಲಿ ಪುಟ್ಟಣ್ಣ ಕಣಗಾಲರು ಚಿತ್ರ ಮಾಡಿದ ಮೇಲೆ ಅದು ಒಂದು ಭಗ್ನಪ್ರೇಮದ ಕಥೆಯಾಗಿ ಜನಮನದಲ್ಲಿ ನಿಂತಿತು. ಕಥೆಯ ಎಲುಬನ್ನು ನೋಡಿದರೆ ಬೇರೆಯೇ ಕಾಣುತ್ತದೆ. ಮಲೆನಾಡಿನ ತೋಟದ ಒಡೆಯನಿಗೆ ಇಂದಿರಾ ಒಬ್ಬಳೇ ಮಗಳು. ಅವಳ ತಂದೆಯ ಹಣದಿಂದ ವಿದೇಶಕ್ಕೆ ಓದಲು ಹೋದವನು ಅವಳನ್ನು ಮದುವೆಯಾಗಬೇಕಾದ ಮೋಹನ. ಅಷ್ಟರಲ್ಲಿ ತಾಯಿಗೆ ಗಂಡುಮಗು ಹುಟ್ಟುತ್ತದೆ. ಕಾನೂನು ಏನೇ ಹೇಳಲಿ, ಮೋಹನನ ಮನಸ್ಸಿನಲ್ಲಿ ತೋಟ ಅಂದೇ ಕೈತಪ್ಪಿತು, ಅದರೊಡನೆ ಇಂದಿರೆಯೂ. ಮುಂದೆ ಅವನು ಪೆಟ್ಟಾಗಿ ಮಲಗಿದಾಗ ಶುಶ್ರೂಷೆ ಮಾಡುವವಳು ಅವಳೇ. ಪಶ್ಚಾತ್ತಾಪಪಟ್ಟು ಕೈಹಿಡಿಯಲು ಬಂದವನನ್ನು ನಿರಾಕರಿಸುವವಳೂ ಅವಳೇ. ಒಂದು ಗಂಡು ಶಿಶುವಿನ ಜನನ ಒಂದು ಪ್ರೇಮವನ್ನು ಬೆಲೆಗಟ್ಟಿಬಿಡುವ ಈ ಸನ್ನಿವೇಶವನ್ನು ಆಸ್ಟಿನ್ ಓದಿದ್ದರೆ ತನ್ನದೇ ಎಂದು ಗುರುತಿಸುತ್ತಿದ್ದಳು. ವ್ಯತ್ಯಾಸವೆಂದರೆ ಆಸ್ಟಿನ್ ತನ್ನ ನಾಯಕಿಯರಿಗೆ ಕೊನೆಗೊಂದು ಮದುವೆಯನ್ನು ದಯಪಾಲಿಸುತ್ತಾಳೆ. ತ್ರಿವೇಣಿಯವರು ಅಷ್ಟು ಉದಾರಿಗಳಲ್ಲ. ಡ್ಯೂಕರನ್ನು ಹಂಚುವ ಇಂದಿನ ಕಾದಂಬರಿಗಳಿಗಿಂತ ‘ಬೆಳ್ಳಿಮೋಡ’ ಆಸ್ಟಿನ್ನಳಿಗೆ ಹತ್ತಿರದ್ದು ಎಂಬ ನಿಲುವಿಗೆ ಅಧ್ಯಾಪಕಿ ಬಂದದ್ದು ಹೀಗೆ. ವಿದ್ಯಾರ್ಥಿನಿಗೆ ಈ ಮಾತು ಅಷ್ಟಾಗಿ ರುಚಿಸಲಿಲ್ಲ. ಓದುಗಳಿಗೆ ಒಂದು ಗಳಿಗೆ ಲೆಕ್ಕವಿಲ್ಲದ ಪ್ರೀತಿ ಬೇಕೆನಿಸಿದರೆ ಅದರಲ್ಲಿ ತಪ್ಪೇನು ಎಂದು ಅವಳು ಕೇಳಿದಳು. ಆ ಪ್ರಶ್ನೆಗೆ ಉತ್ತರ ಸಿದ್ಧವಿರಲಿಲ್ಲ.

ಪಂಚಮಿಗೆ ಆಕೆ ತಿರ್ಲಾಪುರಕ್ಕೆ ಹೋದಳು. ಉತ್ತರ ಕರ್ನಾಟಕದಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನ ಕರೆ, ಶೇಂಗಾ ಉಂಡಿ, ಎಳ್ಳುಂಡಿ, ಜೋಕಾಲಿ. ಕರೆಯಲು ಅಣ್ಣ ಬಾರದ ಹೆಣ್ಣಿನ ಸಂಕಟ ಈ ಸೀಮೆಯ ಜನಪದ ಹಾಡುಗಳ ಬಹುದೊಡ್ಡ ವಸ್ತು. ಇಂಗ್ಲೆಂಡಿನ ಕಾದಂಬರಿಗಳಲ್ಲಿ ಮನೆ ಕಳೆದುಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಆದರೆ ತವರು ಎಂಬ ಮಾತಿಗೆ ಸಮನಾದ ಮಾತು ಆ ಭಾಷೆಯಲ್ಲಿಲ್ಲ. ಇಲ್ಲಿ ಹೆಣ್ಣುಮಗಳು ಪಾಲು ಕೇಳಿದರೆ ಕಳೆದುಕೊಳ್ಳುವುದು ಹೊಲವನ್ನಲ್ಲ, ಪಂಚಮಿಯನ್ನು. ಸಹಿ ಹಾಕಿದ ಅಕ್ಕಂದಿರು ಕಾನೂನನ್ನು ಅರಿಯದೆ ಹಾಕಿದವರಲ್ಲ. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ ಅದಕ್ಕೆ ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ದಿನಾಂಕಗಳು ಗೊತ್ತಿಲ್ಲದಿದ್ದರೂ ತಮಗೆ ಪಾಲಿದೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟುಕೊಟ್ಟಿದ್ದರು.

ಹಬ್ಬದ ಮಧ್ಯಾಹ್ನ ದೊಡ್ಡಕ್ಕ ಪಡಸಾಲೆಯಲ್ಲಿ ಒರಗಿದ್ದಳು. ಓದು ಏಳನೆಯ ಇಯತ್ತೆಗೆ ನಿಂತರೂ ತ್ರಿವೇಣಿ, ಎಂ. ಕೆ. ಇಂದಿರಾ ಅವರ ಕಾದಂಬರಿಗಳನ್ನು ತಂಗಿಗೆ ಮೊದಲು ಓದಿ ಹೇಳಿದವಳು ಅವಳೇ. ಚೀಲದಲ್ಲೇನು ಪುಸ್ತಕ ಎಂದು ಅವಳು ಕೇಳಿದಾಗ ಅಧ್ಯಾಪಕಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯ (1811) ಎರಡನೆಯ ಅಧ್ಯಾಯವನ್ನು ಧಾರವಾಡದ ಮಾತಿನಲ್ಲಿ ಹೇಳತೊಡಗಿದಳು. ಆಸ್ತಿಯೆಲ್ಲ ಜಾನ್ ಡ್ಯಾಶ್‌ವುಡ್ಡನ ಪಾಲಾಗಿದೆ. ಮಲತಾಯಿಯನ್ನೂ ಮೂವರು ತಂಗಿಯರನ್ನೂ ನೋಡಿಕೊಳ್ಳುತ್ತೇನೆಂದು ಸಾಯುವ ತಂದೆಗೆ ಮಾತು ಕೊಟ್ಟವನು ಅವನು. ತಲಾ 1,000ದಂತೆ 3,000 ಪೌಂಡ್ ಕೊಡೋಣವೆಂದು ಮನಸ್ಸು ಮಾಡುತ್ತಾನೆ. ಹೆಂಡತಿ ಫ್ಯಾನಿ ಬಾಯಿ ತೆರೆಯುತ್ತಾಳೆ. ಮೂರು ಸಾವಿರ ಒಂದೂವರೆ ಸಾವಿರಕ್ಕೆ ಇಳಿಯುತ್ತದೆ. ಅದು ಮಲತಾಯಿಗೆ ವರ್ಷಕ್ಕೆ ನೂರು ಎಂದಾಗುತ್ತದೆ. ಅದೂ ಬೇಡ, ಆಗೊಮ್ಮೆ ಈಗೊಮ್ಮೆ ಐವತ್ತು. ಕೊನೆಗೆ ಸಾಮಾನು ಸಾಗಿಸಲು ಒಂದು ಕೈ ಸಹಾಯ, ಹಂಗಾಮಿನಲ್ಲಿ ಒಂದಿಷ್ಟು ಮೀನು, ಬೇಟೆಯ ಮಾಂಸ. ಎಲ್ಲಿಯೂ ಜಗಳವಿಲ್ಲ. ಎತ್ತರದ ದನಿಯೂ ಇಲ್ಲ. ಗಂಡ ಹೆಂಡತಿ ಇಬ್ಬರೂ ತಾವು ಬಹಳ ಧಾರಾಳಿಗಳೆಂದೇ ತಿಳಿದಿದ್ದಾರೆ. ರೀಜೆನ್ಸಿಯ ಹೆಸರಿನಲ್ಲಿ ಬರುತ್ತಿರುವ ಹೊಸ ಕಾದಂಬರಿಗಳ ರಾಶಿಯಲ್ಲಿ ಈ ಏಳೆಂಟು ಪುಟಗಳಿಗೆ ಸಮನಾದುದೊಂದು ಆಕೆಗೆ ಸಿಕ್ಕಿರಲಿಲ್ಲ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮೀನ ಕಳಸ್ತೇನಂದ್ಲಾ ಆ ವೈನಿ? ನಮಗ ಒಂದ್ ಚೀಲ ಕಡ್ಲಿ. ಅಷ್ಟ ಫರಕು ನೋಡು” ಎಂದಳು. ಒಳಗಿನಿಂದ ವೈನಿ ಏನು ನಗು ಎಂದು ಕೇಳಿದಾಗ ಏನಿಲ್ಲವೆಂದು ಇಬ್ಬರೂ ಒಟ್ಟಿಗೆ ಹೇಳಿದರು. ವೈನಿಯ ಹೆಸರೂ ಅವಳ ತವರಿನ ಊರಿನಲ್ಲಿ ಯಾವುದೋ ಬಿಡುಗಡೆ ಪತ್ರದಲ್ಲಿ ಇದ್ದಿರಬೇಕು ಎಂಬ ವಿಚಾರ ಅಧ್ಯಾಪಕಿಗೆ ಹೊಳೆದದ್ದು ಆಗ.

ಸಂಜೆ ಅಣ್ಣ ಕಾಗದದ ಮಾತು ತೆಗೆದ. ಆಕೆ ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಬೆಳೆಸಾಲಕ್ಕೆ ಬೇಕಾದ ಒಪ್ಪಿಗೆ ಬರೆದುಕೊಡುವೆನೆಂದೂ, ಹೆಸರು ಉತಾರದಲ್ಲಿ ಹಾಗೇ ಇರಲೆಂದೂ ಹೇಳಿದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟಕ್ಕೆ ಏಳಿರೆಂದ. ಊಟದಲ್ಲಿ ಬಡಿಸುವ ಕೈ ಎಂದಿನಂತಿತ್ತೋ ಇಲ್ಲವೋ ಎಂದು ಆಕೆ ಗಮನಿಸುತ್ತಿದ್ದಳು. ತಾನು ಹೀಗೆ ಗಮನಿಸುತ್ತಿರುವುದೇ ಆಕೆಗೆ ಹಿಡಿಸಲಿಲ್ಲ.

ಮರುದಿನ ಬಸ್ಸಿಗೆ ಕಳಿಸಲು ಬಂದ ಅಕ್ಕ ದಾರಿಯಲ್ಲಿ ಕೇಳಿದಳು: “ಆ ಹುಡಿಗ್ಯಾರು ಆಮ್ಯಾಲೆ ತವರಮನಿಗೆ ಹೋದ್ರೋ ಇಲ್ಲೋ?” ಅಧ್ಯಾಪಕಿ ನೆನಪು ಮಾಡಿಕೊಂಡಳು. ನಾರ್ಲಂಡಿನ ಆ ಮನೆಗೆ ಅವರು ಮತ್ತೆ ಕಾಲಿಟ್ಟದ್ದನ್ನು ಆಸ್ಟಿನ್ ಹೇಳಿಲ್ಲ. ಮದುವೆಯಾದ ಮೇಲೆ ಹಿರಿಯವಳ ಹೊಸ ಮನೆಗೆ ಅಣ್ಣ ವೈನಿ ದೂರದ ಪ್ರಯಾಣದ ಖರ್ಚು ಹಾಕಿಕೊಂಡು ಬಂದು ಹೋದರೆಂದಿದೆ, ಅಷ್ಟೇ. ಹಾಗೆಂದು ಹೇಳಿದಳು.

ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಬಸ್ಸಿನ ಧೂಳು ದೂರದಲ್ಲಿ ಕಂಡಾಗ ಸೆರಗು ತಲೆಯ ಮೇಲೆ ಎಳೆದುಕೊಂಡು, “ನಾ ಸಹಿ ಮಾಡಿದ್ದರ ಒಂದ್ ನಕಲ ಸಿಗತೈತೇನು ನವಲಗುಂದದಾಗ?” ಎಂದು ಕೇಳಿದಳು.