ನಾಲ್ಕನೇ ಎಕ್ಸ್ ಬೇಕಾ, ಬೇಡ್ವಾ?

ಹೋದ ಸಲ ಕಳಲೆ ಉಪ್ಪಿನಕಾಯಿ ಬರೆದಿದ್ದೆ, ಈ ಸಲ ಸೀದಾ ಆಕಾಶಕ್ಕೆ ಹೋಗುವ. ನಗ್ಬೇಡಿ ಮಾರಾಯ್ರೆ. ಪುಷ್ಯ ಮಳೆ ಹಿಡಿದು ಕೂತ್ರೆ ನಮ್ ಕಳಸದ ಕಡೆ ಮನೆಯಿಂದ ಹೊರಗೆ ಕಾಲಿಡ್ಲಿಕ್ಕೆ ಉಂಟಾ? ಮಗನೂ ಬೆಂಗಳೂರಿಂದ ಬಂದ ಅಕ್ಕನ ಮಗಳೂ ಸೇರಿ ನಂಗೊಂದು ಕಂಪ್ಯೂಟರ್ ಆಟ ಕಲಿಸಿದ್ರು. ಹೆಸ್ರು ಮಾಸ್ಟರ್ ಆಫ್ ಓರಿಯನ್. 1993ರದ್ದು, ಹಂಗಾಗಿ ನಮ್ಮನೆ ಹಳೇ ಲ್ಯಾಪ್‌ಟಾಪಿಗೂ ಭಾರ ಇಲ್ಲ.

ಒಂದು ಗ್ರಹ, ಮೂರು ಹಡಗು, ಇಷ್ಟರಿಂದ ಶುರು. ಸುತ್ತಲಿನ ನಕ್ಷತ್ರಗಳಲ್ಲಿ ಎಂತ ಉಂಟು ಅಂತ ಹುಡುಕುವುದು, ಒಳ್ಳೆ ಗ್ರಹ ಕಂಡ್ರೆ ಅಲ್ಲಿಗೆ ಹಬ್ಬುವುದು, ದುಡಿಸಿ ಹುಟ್ಟುವಳಿ ತೆಗೆಯುವುದು, ಎದುರಾಳಿಯನ್ನ ನಿರ್ನಾಮ ಮಾಡುವುದು. ಇಂಗ್ಲಿಷಲ್ಲಿ ಎಕ್ಸ್‌ಪ್ಲೋರ್, ಎಕ್ಸ್‌ಪ್ಯಾಂಡ್, ಎಕ್ಸ್‌ಪ್ಲಾಯ್ಟ್, ಎಕ್ಸ್‌ಟರ್ಮಿನೇಟ್. ಇದೇ ಆಟದ ಬಗ್ಗೆ ಬರೀತಾ ಅಲನ್ ಎಮ್ರಿಚ್ ಅನ್ನುವವರು 1993ರಲ್ಲಿ ಕಂಪ್ಯೂಟರ್ ಗೇಮಿಂಗ್ ವರ್ಲ್ಡ್ ಪತ್ರಿಕೆಯಲ್ಲಿ ನಾಲ್ಕನ್ನೂ ಒಟ್ಟಿಗೆ ಹೇಳಿದ್ರಂತೆ. ಅಲ್ಲಿಂದ ಈ ಜಾತಿ ಆಟಕ್ಕೆಲ್ಲ 'ಫೋರ್ ಎಕ್ಸ್' ಅಂತಲೇ ಹೆಸ್ರು.

ನಮ್ಮಂಥವ್ರಿಗೆ ಅನುಕೂಲ ಅಂದ್ರೆ, ನಮ್ಮ ನಡೆ ಮುಗಿಯುವವರೆಗೂ ಆಟ ಕಾಯ್ತದೆ. ಕುಕ್ಕರ್ ಕೂಗಿದ್ರೆ ಹೋಗಿ ಇಳಿಸಿ ಬರಬಹುದು. ಆಮೇಲೆ ಲೆಕ್ಕಾಚಾರ. ಒಂದೊಂದು ಗ್ರಹಕ್ಕೂ ಐದು ಗೆರೆ: ಹಡಗು, ರಕ್ಷಣೆ, ಕಾರ್ಖಾನೆ, ಪರಿಸರ, ಸಂಶೋಧನೆ. ಇದ್ದದ್ದೇ ದುಡಿಮೆ, ಒಂದು ಗೆರೆ ಏರಿಸಿದ್ರೆ ಇನ್ನೊಂದು ಇಳೀತದೆ. ಕಾಫಿ ದುಡ್ಡು ಬಂದಾಗ ಗೊಬ್ಬರಕ್ಕೆಷ್ಟು, ಆಳಿಗೆಷ್ಟು, ಸೊಸೈಟಿ ಸಾಲಕ್ಕೆಷ್ಟು ಅಂತ ಹಂಚ್ತೇವಲ್ಲ, ಥೇಟ್ ಹಂಗೆ. ಪರಿಸರದ ಗೆರೆ ಮರೆತ್ರೆ ಕಾರ್ಖಾನೆ ಕೊಳೆ ತುಂಬಿ, ಆ ಗ್ರಹ ಸಾಕುವ ಜನವೇ ಕಡಿಮೆ ಆಗ್ತದೆ.

ಜಗಳ ಹತ್ತಿದ್ದು ನಾಲ್ಕನೇ ಎಕ್ಸ್ ಮೇಲೆ. ಅಕ್ಕನ ಮಗಳು, "ಚಿಕ್ಕಮ್ಮ, ನಿರ್ನಾಮ ಮಾಡ್ದೇನೂ ಗೆಲ್ಲಬಹುದು. ಇದೇ ಆಟದಲ್ಲಿ ಎಲ್ಲಾ ರಾಜ್ಯದವ್ರು ಸಭೆ ಸೇರಿ ಓಟು ಹಾಕ್ತಾರೆ, ಮೂರರಲ್ಲಿ ಎರಡು ಪಾಲು ಓಟು ಸಿಕ್ಕಿದ್ರೆ ಗೆದ್ದ ಹಾಗೆ. 1991ರ ಸಿವಿಲೈಸೇಶನ್ ಆಟದಲ್ಲಿ ಆಲ್ಫಾ ಸೆಂಟಾರಿಗೆ ನೌಕೆ ಮುಟ್ಟಿಸಿದ್ರೂ ಗೆಲುವೇ" ಅಂದ್ಲು. ಮಗ ಒಪ್ಲಿಲ್ಲ. "ಯಾರಾದ್ರೂ ಬಂದು ಹೊಡೀತಾರೆ ಅನ್ನೋ ಹೆದರಿಕೆ ಇಲ್ದಿದ್ರೆ ಅದು ಬರೀ ಮನೆವಾರ್ತೆ" ಅಂದ.

ಬರೀ ಮನೆವಾರ್ತೆ! ಮೂವತ್ತು ವರ್ಷದಿಂದ ನಾನು ಮಾಡ್ತಿರುವುದು ಎಂತದ್ದು ಹಾಗಾದ್ರೆ? ಅವನ ಮಾತಲ್ಲಿ ಅರ್ಧ ನಿಜ ಉಂಟು. ಹೆದರಿಕೆ ಇದ್ರೇ ಆಟಕ್ಕೆ ರುಚಿ. ಆದ್ರೆ ಬೇಲಿ ಕಟ್ಟುವುದು ಬೇರೆ, ಆಚೆಮನೆಯನ್ನೇ ಅಳಿಸುವುದು ಬೇರೆ. ನಮ್ಮ ಚೆನ್ನೆಮಣೆ ನೋಡಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಸೋತವಳು ಉಳಿದ ಕಾಯಲ್ಲಿ ತುಂಬಿದಷ್ಟು ಗುಳಿ ತುಂಬಿ ಮತ್ತೆ ಆಡ್ತಾಳೆ. ಎರಡೇ ಗುಳಿ ಉಳಿದವಳು ಮಣೆ ಪೂರಾ ಗೆದ್ದದ್ದನ್ನ ನಾವು ಕಂಡಿಲ್ವಾ? ಎದುರು ಕೂತವಳು ಎದ್ದು ಹೋದ್ರೆ ಆಟ ಯಾರ ಜೊತೆ?

ನಂಗೆ ಕಷ್ಟ ಅನ್ಸಿದ್ದು ಎರಡನೇ ಎಕ್ಸ್, ಹಬ್ಬುವುದು. ಎಲ್ಲಿ ನಿಲ್ಲಿಸ್ಬೇಕು? ಮಗ ಆಡುವ ಸ್ಟೆಲ್ಲಾರಿಸ್ ಅಂತೊಂದು 2016ರ ಆಟ ಉಂಟು. ಅದ್ರಲ್ಲಿ ರಾಜ್ಯ ದೊಡ್ಡದಾದಷ್ಟೂ ಹೊಸ ವಿದ್ಯೆ ಕಲಿಯುವ ಖರ್ಚೂ ಏರ್ತದೆ. ಹಬ್ಬಿದ್ದಕ್ಕೆಲ್ಲ ಬಾಡಿಗೆ ಕಟ್ಟಿದ ಹಾಗೆ.

ಇದು ಬರೀ ಆಟದ ಮಾತಾಗಿದ್ರೆ ಇಷ್ಟು ಬರೀತಿರ್ಲಿಲ್ಲ. ಕಾಫಿಗೆ ರೇಟ್ ಬಂದ ಮೇಲೆ ನಮ್ಮನೇಲಿ ಅಪ್ಪ ಮಗ ಇಬ್ಬರಿಗೂ ತೋಟದ ಮೇಲಿನ ಒಂದೂವರೆ ಎಕರೆ ಮರದ ಜಾಗದ ಮೇಲೆ ಕಣ್ಣು. ಅತ್ತಿ, ಹೊನ್ನೆ, ಬೈನೆ ಎಲ್ಲ ಇರುವ ಜಾಗ. ಬಿಡಿಸಿ ರೊಬಸ್ಟಾ ಹಾಕುವ ಅಂತ. ಅಡುಗೆಮನೆಗೆ ಪೈಪಲ್ಲಿ ಬರುವ ನೀರು ಅದೇ ಮರದ ಬುಡದ ಒರತೆಯದ್ದು. ಏಪ್ರಿಲಲ್ಲಿ ಅದು ದಾರದ ಹಾಗೆ ಬರುವಾಗ ಕೊಡ ಇಟ್ಟು ಕಾಯುವವಳು ನಾನು.

ಒಂದಿನ ಊಟಕ್ಕೆ ಕೂತಾಗ ಹೇಳ್ದೆ: "ಐದು ಗೆರೆಯಲ್ಲಿ ನಾಲ್ಕನ್ನ ನೀವು ಏರಿಸ್ಕೊಳ್ಳಿ. ಪರಿಸರದ ಗೆರೆ ನನ್ ಕೈಲಿರ್ಲಿ." ಮಗನಿಗೆ ನಗು ಬಂತು, ಅವನಪ್ಪನಿಗೆ ಅರ್ಥ ಆಗ್ಲಿಲ್ಲ. ಅಕ್ಕನ ಮಗಳು ಲ್ಯಾಪ್‌ಟಾಪ್ ತಂದು, ಕೊಳೆ ತುಂಬಿದ ಗ್ರಹ ತೋರಿಸಿ ಬಿಡಿಸಿ ಹೇಳಿದ್ಲು. ಅವರು ಸಾರು ಬಡಿಸಿಕೊಂಡು ಸುಮ್ನಾದ್ರು.

ಈ ವರ್ಷಕ್ಕೆ ಹೊಸ ಗಿಡ ಹಳೇ ತೋಟದಲ್ಲಿ ಸತ್ತ ಗಿಡದ ಜಾಗಕ್ಕೆ ಮಾತ್ರ ಅಂತ ಆಗಿದೆ. ಬರುವ ವರ್ಷದ್ದು ಬರುವ ವರ್ಷ, ಆಗ ಮತ್ತೆ ವಾದ ಮಾಡುವ. ಅಲ್ಲಿವರೆಗೆ ನೀವು ಹೇಳಿ, ನಿಮ್ಮನೇಲಿ ಹಬ್ಬುವವರು ಯಾರು, ಸಾಕು ಅನ್ನುವವರು ಯಾರು?